ಮಾವಶಿಯ ಕೈಯಲ್ಲಿದ್ದ ಬಾಟಲಿ

ಹೋದ ತಿಂಗಳು ನಿಪ್ಪಾಣಿಯ ಒಂದು ಖಾನಾವಳಿಯಲ್ಲಿ ಊಟ ಮುಗಿಸಿ, ಕೈ ತೊಳೆಯಲು ಹಿತ್ತಲಿಗೆ ಹೋದೆ. ಅಲ್ಲಿ ಯಾರೋ ಹಳೆಯ ಪತ್ರಿಕೆಗಳ ರಾಶಿಗೆ ಬೆಂಕಿ ಇಟ್ಟಿದ್ದರು. ಅಚ್ಚಿನ ಶಾಯಿ ಸುಡುವ ವಾಸನೆ ಕಟ್ಟಿಗೆ ಹೊಗೆಯಂತಲ್ಲ, ಗಂಟಲಿಗೆ ಅಂಟಿಕೊಳ್ಳುತ್ತದೆ. ಆ ಹೊಗೆಯನ್ನು ನಾನು ಹಿಂದೊಮ್ಮೆ ಕಾಗವಾಡದಲ್ಲಿ ಕುಡಿದಿದ್ದೆ...

ಕಾಗವಾಡದ ಬಸ್ ನಿಲ್ದಾಣದ ಎದುರು ಒಬ್ಬ ಹೆಂಗಸು ಪತ್ರಿಕೆ ಮಾರುತ್ತಿದ್ದಳು. ಊರಿಗೆಲ್ಲ ಅವಳು ಪೇಪರ್ ಮಾವಶಿ, ಮರಾಠಿಯಲ್ಲಿ ಚಿಕ್ಕಮ್ಮ. ಏಜೆನ್ಸಿ ಗಂಡನದು, ಅವನು ತೀರಿಕೊಂಡ ಮೇಲೆ ಇವಳು ಮುಂದುವರಿಸಿದ್ದಳು. ಬಲಕ್ಕೆ ಕನ್ನಡ ಪತ್ರಿಕೆಗಳು, ಎಡಕ್ಕೆ ಮರಾಠಿ. ಶಿರಗುಪ್ಪಿಯ ಕಡೆಯ ಕಬ್ಬಿನ ರೈತರು ಎರಡನ್ನೂ ಕೊಳ್ಳುತ್ತಿದ್ದರು. ಇಲ್ಲಿಯ ದರ ಒಂದರಲ್ಲಿ, ಗಡಿಯಾಚೆಯ ದರ ಇನ್ನೊಂದರಲ್ಲಿ ಇರುತ್ತಿತ್ತು. ನಾನು ಆಗ ಚಿಕ್ಕೋಡಿಯಲ್ಲಿ ಒಂದು ದಿನಪತ್ರಿಕೆಯ ವರದಿಗಾರ. ವಾರಕ್ಕೊಮ್ಮೆ ಕಾಗವಾಡಕ್ಕೆ ಹೋದರೆ ಅವಳ ವಿಮರ್ಶೆ ತಪ್ಪುತ್ತಿರಲಿಲ್ಲ.

"ಏನ್ರಿ ಪತ್ರಕರ್ತರ, ನಿಮ್ಮ ಸುದ್ದಿ ಭಾಳ ಸಣ್ಣದ ಬಂದೈತಲ್ಲ. ಅಥಣ್ಯಾಗ ಎಮ್ಮಿ ಕಳುವಾಗಿದ್ದ ಅದಕಿಂತ ದೊಡ್ಡದೈತಿ."

ಎಮ್ಮೆಗೆ ಜಾಹೀರಾತಿನ ಅಡಚಣೆ ಇರುವುದಿಲ್ಲ ಎನ್ನುತ್ತಿದ್ದೆ. ಅವಳು ನಗುತ್ತ ಪತ್ರಿಕೆ ಮಡಚಿ ಕೊಡುತ್ತಿದ್ದಳು.

ಅದು ಚುನಾವಣೆ ಹತ್ತಿರವಾಗಿದ್ದ ಕಾಲ. ಸ್ಥಳೀಯ ನಾಯಕರೊಬ್ಬರು ಮೊಬೈಲಿನಲ್ಲಿ ಒಂದು ಸುದ್ದಿ ಪೇಜು ನಡೆಸುತ್ತಿದ್ದರು. ಅವರ ಹುಡುಗರೇ ಅದರ ವರದಿಗಾರರು, ಅವರೇ ಸಂಪಾದಕರು, ಅಗತ್ಯ ಬಿದ್ದರೆ ಸುದ್ದಿಯೂ ಅವರೇ. ಗಡಿಯಾಚೆ ನಮ್ಮ ಬಸ್ಸಿಗೆ ಮಸಿ ಬಳಿದರು ಎಂಬ ವಿಡಿಯೊ ಆ ವಾರ ಹರಿದಾಡುತ್ತಿತ್ತು. ಅದು ಹಳೆಯ ವಿಡಿಯೊ ಎಂದು ನಾನು ಬರೆದೆ. ನನ್ನ ಸುದ್ದಿ ಅಚ್ಚಾಗುವ ಹೊತ್ತಿಗೆ ಆ ವಿಡಿಯೊ ರಾಯಬಾಗ ದಾಟಿ ಹೋಗಿತ್ತು.

ಮರುದಿನ ಬೆಳಿಗ್ಗೆ ಆ ಪೇಜಿನ ಹುಡುಗರು ಮಾವಶಿಯ ಅಂಗಡಿಗೆ ಬಂದರು. ನಾನು ಅಲ್ಲಿರಲಿಲ್ಲ. ತಲುಪಿದಾಗ ಅವಳನ್ನು ಗಡಿಯಾಚೆಯ ಆಸ್ಪತ್ರೆಗೆ ಸಾಗಿಸಿದ್ದರು. ಕಾಗದ ಇನ್ನೂ ಹೊಗೆಯಾಡುತ್ತಿತ್ತು. ನಡೆದದ್ದನ್ನು ಹೇಳಿದವನು ಪಕ್ಕದ ಚಹಾದಂಗಡಿಯವನು. ಅವಳ ಮೈಮೇಲಿನ ಬೆಂಕಿಗೆ ಗೋಣಿಚೀಲ ಹೊದಿಸಿ ಆರಿಸಿದ್ದೂ ಅವನೇ. ಅವನ ಅಂಗೈ ಬೊಬ್ಬೆ ಎದ್ದಿತ್ತು.

ಅವನು ಹೇಳಿದ್ದು ಇಷ್ಟು. ಹುಡುಗರು ಮರಾಠಿ ಪತ್ರಿಕೆ ಸುಟ್ಟು ಅದನ್ನು ಲೈವ್ ತೋರಿಸಲು ಬಂದಿದ್ದರು. ಪ್ಲಾಸ್ಟಿಕ್ ಸುತ್ತಿದ ಒಂದು ಗಂಟನ್ನು ಬಿಚ್ಚಿ ನೋಡದೆ ರಸ್ತೆಗೆ ಎಳೆದು, ಬಾಟಲಿಯಿಂದ ಪೆಟ್ರೋಲ್ ಸುರಿದು ಕಡ್ಡಿ ಗೀರಿದರು. ಪ್ಲಾಸ್ಟಿಕ್ ಕರಗಿ ಮುಖಪುಟ ಕಂಡಾಗ ಅದು ಕನ್ನಡದ್ದು. ಅಷ್ಟೇ ಅಲ್ಲ, ಪುಟದ ತುಂಬ ಅವರ ನಾಯಕರ ಹುಟ್ಟುಹಬ್ಬದ ಶುಭಾಶಯ. ಹಾರ ಹಾಕಿಕೊಂಡ ನಾಯಕರು ಗದ್ದದಿಂದ ಮೇಲಕ್ಕೆ ಉರಿಯತೊಡಗಿದರು.

"ಮಾವಶಿ ಸುಮ್ನಿರಬೇಕಿಲ್ರಿ?" ಎಂದ ಚಹಾದವನು. "'ಅಯ್ಯ ತಮ್ಮಾ, ಹುಟ್ಟಿದ ಹಬ್ಬದ ದಿನಾನ ಸಾಹೇಬ್ರನ್ನ ಚಿತಿಗೆ ಏರಿಸಿದ್ರಲ್ಲೋ' ಅಂದ್ಲು. ಬಸ್‌ಸ್ಟ್ಯಾಂಡ್ ಎಲ್ಲಾ ನಕ್ತು. ಫೋನಿನಾಗೂ ನಗೋ ಮಾರಿ ಚಿತ್ರ ಬರಾಕತ್ತಿದ್ದುವಂತ. 'ಬಂದ್ ಮಾಡ್ಲೇ ಅದನ್ನ' ಅಂತ ಒಬ್ಬಾಂವ ಒದರಿದಾ."

ಆಮೇಲೆ ಯಾರೂ ನಗಲಿಲ್ಲ. ಮೊದಲ ಏಟು ಬಾವುಟದ ಕೋಲಿನದು, ಬಾಯಿಯ ಮೇಲೆ. ಹಲ್ಲು ಮುರಿದು ತುಟಿ ಸೀಳಿತು. ಬಿದ್ದವಳ ಪಕ್ಕೆಗೆ ಒದ್ದರು. ಒಬ್ಬ ಅವಳ ಜಡೆ ಹಿಡಿದು ಎಳೆದು ಮುಖವನ್ನು ಕಟ್ಟೆಗೆ ಬಡಿದ. ಮೊದಲಿನ ಲೈವ್ ಮುಚ್ಚಿಹೋಗುವಂತೆ ಹೊಸ ವಿಡಿಯೊ ಬೇಕಾಗಿತ್ತು. ಮರಾಠಿ ಗಂಟಿಗಾಗಿ ಅಂಗಡಿಗೆ ನುಗ್ಗಿದರು. ಬಾಟಲಿ ಹಿಡಿದವನು ಗಂಟನ್ನು ಬಿಟ್ಟು ಅಂಗಡಿಗೇ ಪೆಟ್ರೋಲ್ ಸುರಿಯತೊಡಗಿದಾಗ ಮಾವಶಿ ಎದ್ದಳು.

"ಹುಡುಗನ ಕೈಯಾಗಿಂದ ಬಾಟ್ಲಿ ಕಸಗೊಂಡ್ಲು ನೋಡ್ರಿ. ಕಸಗೊಳ್ಳೂಮುಂದ ಸೀರಿ ಮ್ಯಾಲ ಚೆಲ್ತು. ಇನ್ನೊಬ್ಬ ಸುಡೂ ಪೇಪರ್ ಆಕಿ ಮ್ಯಾಲ ಒಗದಾ."

ಅವನ ಮಾತನ್ನು ಇನ್ನಿಬ್ಬರಿಂದ ಖಚಿತಪಡಿಸಿಕೊಂಡು ವರದಿ ಕಳಿಸಿದೆ.

ಸಂಜೆಯೊಳಗೆ ಲೈವ್ ಅಳಿಸಿಹೋಗಿ ಬೇರೊಂದು ವಿಡಿಯೊ ಬಂತು. ಅದು ಶುರುವಾಗುವುದೇ ಬಾಟಲಿ ಮಾವಶಿಯ ಕೈಗೆ ಬಂದ ಮೇಲೆ. ಬಾಯಲ್ಲಿ ರಕ್ತ, ಕೆದರಿದ ಕೂದಲು, ಎತ್ತಿದ ಕೈ, ಕೈಯಲ್ಲಿ ಬಾಟಲಿ. ಮರುಕ್ಷಣ ಬೆಂಕಿ. ಅಲ್ಲಿಗೆ ಮುಗಿಯುತ್ತದೆ. ಕನ್ನಡದ ಹುಡುಗರ ಮೇಲೆ ಪೆಟ್ರೋಲ್ ಎರಚಲು ಹೋಗಿ ತಾನೇ ಬೆಂದ ಹೆಂಗಸು ಎಂದು ಕೆಳಗೆ ಬರೆದಿತ್ತು.

ಎರಡು ದಿನ ಬಿಟ್ಟು ಆಸ್ಪತ್ರೆಗೆ ಹೋದೆ. ಕುತ್ತಿಗೆಯಿಂದ ಕೆಳಗೆ ಬಟ್ಟೆ ಸುತ್ತಿತ್ತು. ಮಗಳು ಗೋಡೆಗೆ ಒರಗಿ ನಿಂತಿದ್ದಳು. ಆ ವಿಡಿಯೊ ಅವಳ ಫೋನಿಗೂ ಬಂದಿತ್ತು, ಸಂಬಂಧಿಕರೇ ಕಳಿಸಿದ್ದರು.

"ಬಾಟ್ಲಿ ನಂದಲ್ಲ ಅಂತ ಬರೀರಿ," ಎಂದಳು ಮಾವಶಿ. ಒಡೆದ ತುಟಿಯಿಂದ ಮಾತು ತುಂಡಾಗಿ ಬರುತ್ತಿತ್ತು. "ನಾ ಯಾರ ಮ್ಯಾಲೂ ಎರಚಾಕ ಹೋಗಿಲ್ಲ. ನನ್ನ ಮಗಳು ಇದ ಊರಾಗ ಬಾಳೇ ಮಾಡಬೇಕು."

"ಬರೆದೀನ್ರಿ ಮಾವಶಿ. ಬಂದೈತಿ."

"ಯಾವ ಪುಟದಾಗ?"

ಏಳನೆಯದು ಎಂದೆ. ಅವಳು ಕಣ್ಣು ಮುಚ್ಚಿದಳು.

"ಏಳನೇ ಪುಟಾ ಯಾರ್ ಓದ್ತಾರ್ರಿ."

ಅವಳು ನನಗೆ ಹೇಳಿದ ಕೊನೆಯ ಮಾತು ಅದು. ಪೊಲೀಸರು ಹೇಳಿಕೆ ಪಡೆಯಲು ಬರುವಷ್ಟರಲ್ಲಿ ಮಾತು ನಿಂತಿತ್ತು. ವಾರ ತುಂಬುವುದರೊಳಗೆ ತೀರಿಕೊಂಡಳು.

ಪ್ರಕರಣ ನ್ಯಾಯಾಲಯಕ್ಕೆ ಬರಲು ವರ್ಷಗಳೇ ಹಿಡಿದವು. ವಿಡಿಯೊ ತೆಗೆದ ಫೋನು ಕಳೆದುಹೋಗಿದೆ ಎಂದು ಹುಡುಗರು ಹೇಳಿದ್ದರು. ಅಂದು ನನಗೆ ಖಚಿತಪಡಿಸಿದ್ದ ಆ ಇಬ್ಬರೂ ಸಾಕ್ಷಿ ಹೇಳಲು ಬರಲಿಲ್ಲ. ಉಳಿದದ್ದು ಚಹಾದವನ ಮಾತು. ಅವನು ಕಟಕಟೆಯಲ್ಲಿ ನಿಂತು, ಬಾಟಲಿಯನ್ನು ಮಾವಶಿಯೇ ತಂದಿದ್ದಳು, ಹುಡುಗರ ಮೇಲೆ ಎತ್ತಿದ್ದಳು, ಕಣ್ಣಾರೆ ಕಂಡೆ ಎಂದ.

ಹೊರಗೆ ಬೇವಿನ ಮರದ ಕೆಳಗೆ ಅವನನ್ನು ನಿಲ್ಲಿಸಿದೆ. ದುಡ್ಡು ತಿಂದಿರಬೇಕು, ಇಲ್ಲವೇ ಹೆದರಿರಬೇಕು ಎಂದುಕೊಂಡಿದ್ದೆ.

"ಅವತ್ತ ನೀವ ಹೇಳಿದ್ರಿ, ಹುಡುಗನ ಕೈಯಾಗಿಂದ ಕಸಗೊಂಡ್ಲು ಅಂತ."

"ನಾ ಹಂಗ ಅಂದಿದ್ನೇನ್ರಿ?" ಅವನು ನಿಜವಾಗಿಯೂ ಯೋಚಿಸಿದ. "ಇಲ್ರಿ ಸರ್. ಗಡಿಬಿಡಿಯೊಳಗ ಏನರ ಅಂದಿರಬೇಕು. ವಿಡಿಯೊದಾಗ ಐತಲ್ಲರಿ. ಇಲ್ಲಿ ನೋಡ್ರಿ, ಹಿಂದ ಕೆಟಲಿ ಹಿಡಕೊಂಡ ನಿಂತಾಂವ ನಾನ. ನಾ ಅಲ್ಲೇ ಇದ್ನಿ."

ಅವನು ತನ್ನ ಫೋನಿನಲ್ಲಿ ಅದನ್ನು ತೋರಿಸಿದ. ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಇಷ್ಟು ವರ್ಷ ತೋರಿಸಿದ್ದ, ತಾನು ಇದರಲ್ಲಿದ್ದೇನೆ ಎಂದು. ಬೆರಳಿಟ್ಟು ತೋರಿಸಿದ ಕೈಯ ಅಂಗೈಯಲ್ಲಿ ಸುಟ್ಟ ಕಲೆ ಹಾಗೇ ಇತ್ತು. ಅವನ ಮುಖದಲ್ಲಿ ಸುಳ್ಳಿನ ಒಂದು ಗೆರೆಯೂ ನನಗೆ ಕಾಣಲಿಲ್ಲ. ನನ್ನ ವೃತ್ತಿಯಲ್ಲಿ ಸುಳ್ಳು ಹೇಳುವವರನ್ನು ಬೇಕಾದಷ್ಟು ನೋಡಿದ್ದೇನೆ. ಇದು ಅದಲ್ಲ.

ಹುಡುಗರು ಬಿಡುಗಡೆಯಾದರು. ಅವರಲ್ಲಿ ಅಂದು ವಿಡಿಯೊ ತೆಗೆದವನು ಈಗ ಪತ್ರಿಕಾಗೋಷ್ಠಿಗಳಲ್ಲಿ ಮುಂದಿನ ಸಾಲಿನಲ್ಲಿ ಕೂರುತ್ತಾನೆ. ನಾನು ಹೋದರೆ "ಬರ್ರಿ ಸರ್, ಕುಂದ್ರಿ" ಎಂದು ಕುರ್ಚಿ ಎಳೆಯುತ್ತಾನೆ. ಕೂರುತ್ತೇನೆ. ವರದಿ ಮಾಡಬೇಕಲ್ಲ. ಮಾವಶಿಯ ಮಗಳು ಏಕಸಂಬಿಗೆ ಹೋಗಿ ನೆಲೆಸಿದಳೆಂದು ಕೇಳಿದೆ. ಅಂಗಡಿಯ ಜಾಗದಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ.

ನಡೆದದ್ದು ಏನೆಂದು ನನಗೆ ತಿಳಿದಿದೆ, ಅಚ್ಚೂ ಮಾಡಿಸಿದ್ದೇನೆ. ಆದರೆ ಅವಳನ್ನು ನೆನೆದಾಗ ಕಣ್ಣಿಗೆ ಬರುವುದು ಓರೆಯಾದ ಒಂದು ಚೌಕಟ್ಟು, ಮೂಲೆಯಲ್ಲಿ ಆ ಪೇಜಿನ ಗುರುತು, ಎತ್ತಿದ ಕೈ. ವರ್ಷಗಟ್ಟಲೆ ಆ ಹೆಂಗಸು ನನ್ನೆದುರು ನಗುತ್ತ ಕೂತಿದ್ದಳು. ಆ ಮುಖ ಹೇಗಿತ್ತು... ಎಷ್ಟು ಹುಡುಕಿದರೂ ಸಿಗುತ್ತಿಲ್ಲ.