ವಾರ್ಷಿಕ ವರದಿಯೊಳಗಿನ ಭತ್ತದ ಗದ್ದೆ

ನಾನು ಹುಟ್ಟಾ ಅಂಜುಬುರುಕಿ. ಟಿಕೆಟ್ ಕೈಯಲ್ಲೇ ಇದ್ದರೂ ಬಸ್ಸಿಗೆ ಚೆಕಿಂಗ್‌ನವರು ಹತ್ತಿದರೆ ನನ್ನ ಎದೆ ಹೊಡೆದುಕೊಳ್ಳುತ್ತದೆ. ಇಂಥವಳು ಸರ್ಕಾರದ ವರದಿಯಲ್ಲಿ ಸುಳ್ಳು ಬರೆದಳು ಎಂದರೆ ನನ್ನನ್ನು ಬಲ್ಲವರು ಯಾರೂ ನಂಬಲಿಕ್ಕಿಲ್ಲ. ಆದರೆ ಬರೆದೆ. ಅದೂ ಫೋಟೋ ಸಮೇತ.

ಮನೆ ಹೊಸಪೇಟೆಯಲ್ಲಿ, ನೌಕರಿ ಸಂಡೂರಿನಲ್ಲಿ. ಹತ್ತೊಂಬತ್ತು ವರ್ಷಗಳಿಂದ ಬೆಳಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ನಮ್ಮ ಕಚೇರಿ ಒಂದು ನಿಧಿಯ ಕೆಲಸ ನೋಡಿಕೊಳ್ಳುತ್ತದೆ. ಅದಿರು ಅಗೆದದ್ದರಿಂದ ಬದುಕು ಕೆಟ್ಟ ಊರುಗಳಿಗೆ ಶಾಲೆ, ನೀರು, ಆಸ್ಪತ್ರೆ ಆಗಲಿ ಎಂದು ಟ್ರಸ್ಟ್ ಮಾಡಿ ಇಟ್ಟಿರುವ ನಿಧಿ ಅದು. ಹೆಸರು ಹೇಳುವುದಿಲ್ಲ. ಹೇಳುವ ಧೈರ್ಯ ಇದ್ದಿದ್ದರೆ ಈ ಬರಹದ ಅಗತ್ಯವೇ ಬೀಳುತ್ತಿರಲಿಲ್ಲ. ಇಂಥ ನಿಧಿಗಳೆಲ್ಲ ವರ್ಷಕ್ಕೊಮ್ಮೆ ತಾವು ಮಾಡಿದ್ದೇನು ಎಂದು ವಾರ್ಷಿಕ ವರದಿ ಸಲ್ಲಿಸಬೇಕು. ಅದು ಅಚ್ಚಾಗಿ ವಿಧಾನಮಂಡಲದ ಮುಂದೆ ಹೋಗುತ್ತದೆ. ನಮ್ಮ ತಾಲ್ಲೂಕಿನ ಭಾಗವನ್ನು ತಯಾರಿಸುವವಳು ನಾನು. ಒಂದು ಕಾಮಗಾರಿಗೆ ಒಂದು ಪುಟ. ಮೇಲೆ ಊರಿನ ಹೆಸರು, ನಡುವೆ ಒಂದು ಫೋಟೋ, ಕೆಳಗೆ ಒಂದು ಸಾಲು. ಆ ಸಾಲಿನಲ್ಲಿ ‘ಪೂರ್ಣಗೊಂಡಿದೆ’ ಎಂದಿರಬೇಕು, ಇಲ್ಲವೇ ‘ಪ್ರಗತಿಯಲ್ಲಿದೆ’ ಎಂದಿರಬೇಕು.

ಹೋದ ವರ್ಷ ಎಲ್ಲ ಪುಟಗಳೂ ತುಂಬಿ ಒಂದು ಮಾತ್ರ ಖಾಲಿ ಉಳಿಯಿತು. ಚೋರನೂರಿನ ಆಚೆಗಿನ ಒಂದು ಸಣ್ಣ ಊರಿನ ಆರೋಗ್ಯ ಉಪಕೇಂದ್ರದ್ದು. ಎಂಜಿನಿಯರಿಗೆ ದಿನಾ ಫೋನು ಮಾಡಿದೆ. ‘ಕೆಲಸ ಮುಗದೈತ್ರಿ ಮೇಡಂ, ಫೋಟೋ ಈಗ ಕಳಸ್ತೀನಿ’ ಅಂತಲೇ ಹೇಳಿದರು, ಕಳಿಸಲಿಲ್ಲ. ಬೆಂಗಳೂರಿನಿಂದ ಒಂದೇ ಸಮನೆ ಮೇಲ್ ಬರುತ್ತಿತ್ತು. ಕೊನೆಯ ದಿನ ಮಧ್ಯಾಹ್ನ ನಮ್ಮ ಸೂಪರಿಂಟೆಂಡೆಂಟರು ನನ್ನ ಟೇಬಲ್ ಹತ್ತಿರ ಬಂದು ನಿಂತರು.

‘ಏನ್ರಿ, ಇನ್ನೂ ಒಂದ ಪುಟಕ್ಕ ಕುಂತೀರೇನು?’

‘ಫೋಟೋ ಬಂದಿಲ್ರಿ ಸರ್.’

‘ಉಪಕೇಂದ್ರ ಎಲ್ಲಾ ಊರಾಗೂ ಒಂದ ನಕ್ಷಿ, ಒಂದ ಬಣ್ಣ. ಯಾವುದರ ಒಂದು ಹಚ್ಚಿ ಕಳಸ್ರಿ. ಮುಗದೈತಿ ಅಂತ ಎಂಜಿನಿಯರ್ ಹೇಳ್ಯಾರಲ್ಲ, ಮತ್ತೇನು?’

ನನ್ನ ಮೊಬೈಲಿನಲ್ಲೇ ಅಂಥದೊಂದು ಫೋಟೋ ಇತ್ತು. ನನ್ನ ತವರು ಕಂಪ್ಲಿ ಕಡೆಯ ಹಳ್ಳಿ. ಅಲ್ಲಿ ಹೊಸದಾಗಿ ಉಪಕೇಂದ್ರ ಆದಾಗ ಅವ್ವನನ್ನು ಬಿಪಿ ಗುಳಿಗೆಗೆ ಕರೆದುಕೊಂಡು ಹೋಗಿ, ಮೆಟ್ಟಿಲ ಮೇಲೆ ನಿಲ್ಲಿಸಿ ತೆಗೆದದ್ದು. ಅವ್ವನನ್ನು ಕತ್ತರಿಸಿದೆ, ಬೋರ್ಡನ್ನೂ ಕತ್ತರಿಸಿದೆ. ಹಳದಿ ಗೋಡೆ, ನೀಲಿ ಬಾಗಿಲು ಉಳಿದವು. ಅದನ್ನು ಹಚ್ಚಿ, ಕೆಳಗೆ ‘ಪೂರ್ಣಗೊಂಡಿದೆ’ ಎಂದು ಟೈಪ್ ಮಾಡಿ ಕಳಿಸಿ, ಐದೂವರೆಯ ಬಸ್ಸು ಹಿಡಿದೆ. ಆ ದಿನ ನನಗೆ ಭಯವೇ ಆಗಲಿಲ್ಲ ಎಂಬುದು ಈಗ ನೆನೆದರೆ ಭಯವಾಗುತ್ತದೆ.

ಭಯ ಶುರುವಾದದ್ದು ಅಚ್ಚಾದ ಪುಸ್ತಕ ಕೈಗೆ ಬಂದ ಮೇಲೆ. ನುಣುಪಾದ ಕಾಗದ, ಒಳ್ಳೆಯ ಬಣ್ಣ. ಆ ಪುಟ ತೆಗೆದು ನೋಡಿದರೆ ಹಳದಿ ಗೋಡೆಯ ಹಿಂದೆ ಹಸಿರೋ ಹಸಿರು. ಕಾಲುವೆ ನೀರಿನ ಭತ್ತದ ಗದ್ದೆ, ಅದರಲ್ಲಿ ಎರಡು ಬೆಳ್ಳಕ್ಕಿ ಬೇರೆ. ಚೋರನೂರು ಕಡೆ ಎಲ್ಲಿದೆ ಭತ್ತ? ಅದು ಮಳೆ ನಂಬಿ ಜೋಳ, ಶೇಂಗಾ ಬಿತ್ತುವ ನೆಲ. ಒಂದು ಮಗು ನೋಡಿದರೂ ಇದು ಇಲ್ಲಿಯದಲ್ಲ ಎಂದು ಹೇಳುತ್ತದೆ. ಪುಸ್ತಕವನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ, ರಾಜ್ಯದಲ್ಲಿ ಅದೊಂದೇ ಪ್ರತಿ ಇದೆ ಅನ್ನುವ ಹಾಗೆ.

ಅದೇ ವಾರ ಎಂಜಿನಿಯರ್ ಎದುರಿಗೆ ಸಿಕ್ಕಾಗ ಆ ಉಪಕೇಂದ್ರ ನಿಜಕ್ಕೂ ಮುಗಿದಿದೆಯೇ ಎಂದು ಕೇಳಿದೆ. ‘ಅದ ಊರ್ ಏನ್ರಿ? ನಾ ಬಾಜೂ ಊರಿಂದು ಅಂತ ತಿಳಕೊಂಡಿದ್ದೆ. ಈ ಊರಾಗ ಬರೇ ಕಂಬ ಎದ್ದಾವ, ಗುತ್ತಿಗೆದಾರ ಬಿಟ್ಟ ಹೋಗ್ಯಾನ’ ಎಂದು ಹೇಳಿ ಬೈಕ್ ಸ್ಟಾರ್ಟ್ ಮಾಡಿಕೊಂಡು ಹೋದರು. ವರದಿಯಲ್ಲಿ ಪೂರ್ಣಗೊಂಡ ಕಟ್ಟಡಕ್ಕೆ ಮತ್ತೆ ಮಂಜೂರಾತಿ ಇಲ್ಲ. ಅಂದರೆ ನಾನು ಬರೆದ ಆ ಒಂದು ಸಾಲಿನಿಂದ ಆ ಊರಿಗೆ ಇನ್ನು ಆಸ್ಪತ್ರೆ ಇಲ್ಲ.

ಅವತ್ತಿನಿಂದ ಡಬ್ಬಿಯ ಊಟ ಹಾಗೇ ಮನೆಗೆ ವಾಪಸ್ ಹೋಗತೊಡಗಿತು. ಕಚೇರಿಯ ಮುಂದೆ ಜೀಪು ನಿಂತರೆ ಸಾಕು, ನನ್ನನ್ನು ಹಿಡಿಯಲು ಬಂದರು ಅನ್ನಿಸುತ್ತಿತ್ತು. ಸೂಪರಿಂಟೆಂಡೆಂಟರಿಗೆ ಹೇಳಿದರೆ ಅವರು ನಕ್ಕರು. ‘ಆ ಪುಸ್ತಕ ಯಾರ್ ಓದ್ತಾರ್ರಿ? ನಾವ ಓದೂದಿಲ್ಲ.’ ಅವರ ಮಾತು ನಿಜವೇ ಇತ್ತು. ನಾನು ಅದನ್ನೇ ನೆಚ್ಚಿಕೊಂಡೆ.

ಎರಡು ತಿಂಗಳಲ್ಲಿ ಸುತ್ತೋಲೆ ಬಂತು. ವಾರ್ಷಿಕ ವರದಿಯ ಪ್ರತಿ ಪುಟವನ್ನು ಆಯಾ ಊರಿನ ಗ್ರಾಮಸಭೆಯಲ್ಲಿ ಓದಿ ಹೇಳಬೇಕು, ಫೋಟೋ ತೋರಿಸಬೇಕು, ‘ಕೇಳಿದ್ದೇವೆ, ಸರಿಯಿದೆ’ ಎಂದು ಊರವರ ಸಹಿ ತರಬೇಕು. ಯಾವ ಊರಿಗೆ ಯಾರು ಎಂಬ ಪಟ್ಟಿಯಲ್ಲಿ ಆ ಊರಿನ ಮುಂದೆ ನನ್ನ ಹುದ್ದೆ ಇತ್ತು. ‘ಬ್ಯಾರೇದವರನ್ನ ಕಳಸ್ರಿ ಸರ್’ ಎಂದು ಕೈಮುಗಿದೆ. ‘ಬರದಾಕಿ ನೀವು, ಓದೂದು ನೀವ ಓದ್ರಿ’ ಅಂದರು. ಈ ಸಲ ಅವರು ನಗಲಿಲ್ಲ. ಅವರಿಗೂ ಅಂಜಿಕೆ ಹತ್ತಿದೆ ಎಂದು ಗೊತ್ತಾಗಿ ನನ್ನ ಅಂಜಿಕೆ ಇನ್ನಷ್ಟು ಹೆಚ್ಚಿತು.

ಗ್ರಾಮಸಭೆಯ ದಿನ ಸಂಡೂರಿನಿಂದ ಇನ್ನೊಂದು ಬಸ್ಸು ಹಿಡಿದು ಹೊರಟೆ. ದಾರಿಯಲ್ಲಿ ಅದಿರಿನ ಲಾರಿಗಳು ಸಾಲುಗಟ್ಟಿ ನಿಂತು ಬಸ್ಸು ಮುಕ್ಕಾಲು ಗಂಟೆ ಅಲ್ಲಾಡಲಿಲ್ಲ. ಬಸ್ಸು ಕೆಟ್ಟು ಹೋಗಲಿ, ಸಭೆ ಮುಂದಕ್ಕೆ ಹೋಗಲಿ ಎಂದು ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಊರವರು ಮುತ್ತಿಗೆ ಹಾಕುತ್ತಾರೆ, ಪುಸ್ತಕ ಹರಿದು ಮುಖಕ್ಕೆ ಎಸೆಯುತ್ತಾರೆ, ಯಾರೋ ವಿಡಿಯೋ ಮಾಡುತ್ತಾರೆ, ಸಂಜೆಯೊಳಗೆ ಅದು ನನ್ನ ಮಗಳ ಮೊಬೈಲಿಗೂ ಬರುತ್ತದೆ. ಎಲ್ಲವನ್ನೂ ಕಂಡಕ್ಟರ್ ಹಿಂದಿನ ಸೀಟಿನಲ್ಲಿ ಕೂತು ಒಂದೊಂದಾಗಿ ಕಣ್ಣಿಗೆ ತಂದುಕೊಂಡೆ.

ಊರಿನಲ್ಲಿ ಇಳಿದಾಗ ಮೊದಲು ಕಂಡದ್ದು ಆ ಕಂಬಗಳು. ತುದಿಯಲ್ಲಿ ತುಕ್ಕು ಹಿಡಿದ ಸರಳು, ಒಂದಕ್ಕೆ ಎಮ್ಮೆ ಕಟ್ಟಿದ್ದರು. ಕಣ್ಣು ಬೇರೆ ಕಡೆ ತಿರುಗಿಸಿದೆ. ಸಮುದಾಯ ಭವನದ ಜಗಲಿಯ ಮೇಲೆ ಜನ ಆಗಲೇ ಕೂತಿದ್ದರು, ಹೆಚ್ಚಿನವರು ಹೆಂಗಸರು. ಬೈಗುಳಕ್ಕೆ ಸಿದ್ಧಳಾಗಿ ಹೋದ ನನ್ನ ಕೈಯನ್ನು ಒಬ್ಬ ಅಜ್ಜಿ ಎದ್ದು ಬಂದು ಹಿಡಿದುಕೊಂಡಳು.

‘ಬಾರವ್ವಾ, ಕುಂದ್ರು. ನಿಮ್ಮಿಂದ ಭಾಳ ಉಪಕಾರ ಆತು.’

ಏನು ಉಪಕಾರ? ನನಗೆ ಒಂದೂ ತಿಳಿಯಲಿಲ್ಲ. ಅಜ್ಜಿ ಭವನದ ಪಕ್ಕದ ಕೋಣೆಯ ಕಡೆ ಕೈ ತೋರಿದಳು. ಬಾಗಿಲಲ್ಲಿ ಬಿಳಿ ಕೋಟು ಹಾಕಿದ ನರ್ಸ್ ನಿಂತಿದ್ದಳು, ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಒಳಗೆ ಒಂದು ಮಂಚ, ತೂಕದ ಯಂತ್ರ, ಬಿಪಿ ನೋಡುವ ಪಟ್ಟಿ. ನಡೆದದ್ದು ಇಷ್ಟು: ಉಪಕೇಂದ್ರ ಪೂರ್ಣಗೊಂಡಿದೆ ಎಂದು ವರದಿಯಲ್ಲಿ ಬಂದದ್ದೇ ತಡ, ಇನ್ಯಾವುದೋ ಇಲಾಖೆಯ ಇನ್ಯಾವುದೋ ಟೇಬಲ್ಲಿನಿಂದ ಆ ಕೇಂದ್ರಕ್ಕೆ ನರ್ಸ್ ನೇಮಕವಾಗಿತ್ತು. ಆಕೆ ಆದೇಶ ಹಿಡಿದು ಬಂದು, ಕಟ್ಟಡ ಎಲ್ಲಿ ಎಂದು ಕೇಳಿ, ಕಂಬ ನೋಡಿದ್ದಳು. ಊರವರು ಕೋಣೆ ಖಾಲಿ ಮಾಡಿಕೊಟ್ಟು ಇರಿಸಿಕೊಂಡಿದ್ದರು. ಇದಾಗಿ ಹದಿನೈದು ದಿನವಾಗಿತ್ತು.

‘ಕಟ್ಟಡ ಇಲ್ಲ ಅಂತ ಮೇಲಿನವರಿಗೆ ಬರೀಲಿಲ್ಲೇನ್ರಿ?’ ಎಂದು ಮೆಲ್ಲಗೆ ಕೇಳಿದೆ.

‘ಬರೆದ್ರೆ ನಾಳೇನೇ ಬೇರೆ ಕಡೆ ಹಾಕ್ತಾರೆ ಮೇಡಂ’ ಅಂದಳು ಆಕೆ. ದೂರದ ಜಿಲ್ಲೆಯವಳು, ಮಾತು ಬೇರೆ ಥರ. ‘ಅಜ್ಜಿ ಮೊಮ್ಮಗನ ಹೆಂಡತಿ ಬಸುರಿ. ಬಿಪಿ ಜಾಸ್ತಿ ಇದೆ. ದಿನಾ ನೋಡ್ಬೇಕು. ಅವಳ ಹೆರಿಗೆ ಆಗಲಿ, ಆಮೇಲೆ ಬರೀತೀನಿ.’

ಅಜ್ಜಿ ಉಳಿದದ್ದನ್ನು ಹೇಳಿದಳು. ಆ ಹುಡುಗಿಯದು ಇದು ಎರಡನೆಯ ಬಸಿರು. ಮೊದಲನೆಯ ಸಲ ನೋವು ಬಂದಾಗ ಟೆಂಪೋದಲ್ಲಿ ಹಾಕಿಕೊಂಡು ಸಂಡೂರಿಗೆ ಹೊರಟಿದ್ದರು. ನಾನು ಅವತ್ತು ಬಂದ ದಾರಿ, ಅದೇ ಲಾರಿ ಸಾಲು. ಕೂಸು ದಾರಿಯಲ್ಲೇ ಹೋಯಿತು. ‘ಆಕಿ ಉಳದದ್ದ ದೊಡ್ಡದವ್ವಾ’ ಎಂದು ಅಜ್ಜಿ ಸುಮ್ಮನೆ ಹೇಳಿದಳು. ಹುಡುಗಿ ಜಗಲಿಯ ಕಂಬಕ್ಕೆ ಒರಗಿ ಕೂತು ನನ್ನನ್ನೇ ನೋಡುತ್ತಿದ್ದಳು.

ಪುಟ ಓದಿದೆ. ‘ಪೂರ್ಣಗೊಂಡಿದೆ’ ಎಂಬ ಮಾತನ್ನು ಯಾರಿಗೂ ಕೇಳದಷ್ಟು ಮೆಲ್ಲಗೆ ಓದಿದೆ. ಪುಸ್ತಕ ಕೈಯಿಂದ ಕೈಗೆ ಹೋಯಿತು. ಹೆಂಗಸರು ಬೆಳ್ಳಕ್ಕಿ ತೋರಿಸಿಕೊಂಡು ನಕ್ಕರು. ಯಾರೂ ಕೂಗಾಡಲಿಲ್ಲ. ಮುಂದೆ ಕಟ್ಟಲಿರುವುದರ ಚಿತ್ರ ಇದು ಎಂದು ಅವರು ತಿಳಿದುಕೊಂಡಿದ್ದರು. ‘ಹಿಂದ ನೀರಾವರಿನೂ ಮಾಡಿಕೊಡ್ತೀರೇನವ್ವಾ?’ ಎಂದು ಒಬ್ಬಾಕೆ ತಮಾಷೆ ಮಾಡಿದಳು. ನಾನೂ ನಗಲು ನೋಡಿದೆ, ಬಾಯಿ ಸೊಟ್ಟಗಾಯಿತು ಅಷ್ಟೇ.

ಆಮೇಲೆ ನಡಾವಳಿ ಪುಸ್ತಕ ಬಿಚ್ಚಿದೆ. ಮೊದಲ ಹೆಬ್ಬೆಟ್ಟು ಅಜ್ಜಿಯದು. ಇಂಕಿನ ಪ್ಯಾಡಿಗೆ ಹೆಬ್ಬೆಟ್ಟು ಒತ್ತಿ, ‘ಎಲ್ಲಿ ಒತ್ತಲಿ, ತೋರ್ಸು’ ಎಂದು ಕೈ ನನ್ನ ಕೈಗೆ ಕೊಟ್ಟಳು. ಆ ಕೈ ಹಿಡಿದು ‘ಸರಿಯಿದೆ’ ಎಂಬ ಮಾತಿನ ಕೆಳಗೆ ತಂದೆ. ಒತ್ತಿಸಿದರೆ ಮುಗಿಯಿತು. ನನ್ನ ನೌಕರಿ ಉಳಿಯಿತು, ಎಂಜಿನಿಯರದು ಉಳಿಯಿತು, ಕಟ್ಟಡ ಇದೆ ಎಂದು ಊರೇ ಸಾಕ್ಷಿ ಹೇಳಿದ ಹಾಗಾಯಿತು. ಅಜ್ಜಿಯ ಕೈಯನ್ನು ಕಾಗದದಿಂದ ಮೇಲೆತ್ತಿದೆ.

‘ತಡಿಯವ್ವಾ’ ಅಂದೆ.

ಎಲ್ಲ ಹೇಳಿದೆ. ಫೋಟೋ ನನ್ನದು, ಊರು ಕಂಪ್ಲಿ ಕಡೆಯದು, ಮೆಟ್ಟಿಲ ಮೇಲಿದ್ದವಳು ನಮ್ಮವ್ವ. ಸಹಿ ಮಾಡಿದರೆ ಈ ಊರಿಗೆ ಕಟ್ಟಡ ಬರುವುದಿಲ್ಲ. ಮಾಡದಿದ್ದರೆ, ಕಟ್ಟಡ ಇಲ್ಲ ಎಂದು ನಾನು ಬರೆದರೆ, ಇಲ್ಲದ ಕಟ್ಟಡಕ್ಕೆ ನರ್ಸ್ ಯಾಕೆ ಎಂದು ಸಿಸ್ಟರನ್ನು ವಾಪಸ್ ಕರೆಸುತ್ತಾರೆ. ಹೇಳುವಾಗ ಅಳು ಬಂತು. ಈಗ ಹೊಡೆಯುತ್ತಾರೆ ಎಂದೇ ತಿಳಿದು ಪುಸ್ತಕವನ್ನು ಎದೆಗೆ ಅವುಚಿಕೊಂಡು ಕೂತೆ.

ಅಜ್ಜಿಯ ಹೆಬ್ಬೆಟ್ಟಿನ ಇಂಕು ಆರಿತು. ಆಕೆ ಬಸುರಿ ಹುಡುಗಿಯನ್ನು ನೋಡಿದಳು, ನರ್ಸನ್ನು ನೋಡಿದಳು.

‘ಹೆಬ್ಬೆಟ್ಟು ಒತ್ತಿದ್ರ ಕಟ್ಟಡ ಎಷ್ಟ್ ದಿನ ಬರಂಗಿಲ್ಲ?’

‘ಯಾವತ್ತೂ ಬರಂಗಿಲ್ಲವ್ವಾ.’

‘ಸಿಸ್ಟರ್ ಹೋದ್ರ?’

‘ಮತ್ತ ಕಟ್ಟಡ ಆದ ಮ್ಯಾಲೇ.’

‘ಕಟ್ಟಡ ಇಲ್ಲದ ಇಷ್ಟ್ ವರ್ಷ ಇದ್ದೀವಿ’ ಅಂದಳು ಅಜ್ಜಿ. ‘ಈಕಿಗೆ ಇನ್ನ ಮೂರು ತಿಂಗಳೈತಿ. ಎಲ್ಲಿ ಒತ್ತಬೇಕು, ಹೇಳು.’

ಬೇಡ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಹೇಳದಿದ್ದದ್ದು ಆ ಹುಡುಗಿಯ ಮುಖ ನೋಡಿಯೋ, ನನ್ನ ನೌಕರಿಯ ಆಸೆಗೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅಜ್ಜಿ ತಾನೇ ಮತ್ತೊಮ್ಮೆ ಪ್ಯಾಡಿಗೆ ಒತ್ತಿ, ತಾನೇ ಜಾಗ ಹುಡುಕಿ ಹೆಬ್ಬೆಟ್ಟು ಹಾಕಿದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಎದ್ದು ಬಂದರು. ಬಸುರಿ ಹುಡುಗಿ ಓದಿದವಳು. ತನ್ನ ಹೆಸರನ್ನು ದುಂಡಗೆ ಬರೆದು ಸಹಿ ಮಾಡಿದಳು. ವಾಪಸ್ ಬಸ್ಸಿನಲ್ಲಿ ಆ ನಡಾವಳಿ ಪುಸ್ತಕ ತೊಡೆಯ ಮೇಲೆ ಭಾರವಾಗಿತ್ತು. ಹೋಗುವಾಗ ಒಬ್ಬಳ ಸುಳ್ಳಿತ್ತು, ಬರುವಾಗ ಅದು ಇಡೀ ಊರಿನದಾಗಿತ್ತು. ಸಿಕ್ಕಿಬಿದ್ದರೆ ಇನ್ನು ನಾನೊಬ್ಬಳೇ ಅಲ್ಲ, ಅವರೆಲ್ಲರೂ ಉತ್ತರ ಹೇಳಬೇಕು.

ಸೂಪರಿಂಟೆಂಡೆಂಟರು ಹೆಬ್ಬೆಟ್ಟುಗಳನ್ನು ನೋಡಿ ಸಮಾಧಾನದ ಉಸಿರು ಬಿಟ್ಟು, ‘ಮಸ್ತ್ ಆತು ಬಿಡ್ರಿ’ ಅಂದರು. ನನಗೆ ಅವರ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ನನ್ನ ಮೇಲೆ ಬಂದದ್ದಂತೂ ಇಳಿಯುವ ಮಾತೇ ಇಲ್ಲ.

ನರ್ಸ್ ವಾರಕ್ಕೊಮ್ಮೆ ಫೋನು ಮಾಡುತ್ತಾಳೆ. ಬಿಪಿ ಇಳಿದಿದೆ, ಮತ್ತೆ ಏರಿದೆ, ಕಾಲು ಬಾವು ಬಂದಿದೆ, ಇವತ್ತು ಪರವಾಗಿಲ್ಲ. ಅವಳ ನಂಬರು ಕಂಡರೆ ಫೋನು ಎತ್ತಲು ಅಂಜಿಕೆ. ಆದರೂ ಅವಳು ಮಾಡದ ವಾರ ನಾನೇ ಮಾಡುತ್ತೇನೆ.

ಮೊನ್ನೆ ಸೋಮವಾರ ಟಪಾಲಿನಲ್ಲಿ ಒಂದು ಪತ್ರ ಬಂತು. ವಾರ್ಷಿಕ ವರದಿಯಲ್ಲಿ ಪೂರ್ಣಗೊಂಡಿವೆ ಎಂದು ತೋರಿಸಿದ ಕೆಲವು ಕಾಮಗಾರಿಗಳನ್ನು ತಂಡವೊಂದು ಖುದ್ದಾಗಿ ಬಂದು ನೋಡುತ್ತದೆ. ಪಟ್ಟಿಯಲ್ಲಿ ಮೂರನೆಯದು ಆ ಊರು. ಬರುವ ದಿನಾಂಕ ನೋಡಿದೆ. ನರ್ಸಿಗೆ ಫೋನು ಮಾಡಿ ಹೆರಿಗೆಯ ದಿನ ಯಾವುದು ಕೊಟ್ಟಿದ್ದೀರಿ ಎಂದು ಕೇಳಿದೆ. ತಂಡ ಬಂದು ಹೋದ ಆರನೆಯ ದಿನಕ್ಕೆ.

ತಂಡದವರು ಕೇಳಿದರೆ ಫೋಟೋ ನನ್ನದು, ಊರವರಿಗೆ ಓದಿ ಹೇಳಿದ್ದೇ ಬೇರೆ, ಅವರದೇನೂ ತಪ್ಪಿಲ್ಲ ಎಂದು ಹೇಳುತ್ತೇನೆ. ಹೇಳಿಕೆಯನ್ನು ಬರೆದು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೇನೆ. ನನ್ನ ಮಟ್ಟಿಗೆ ಅದು ಮುಗಿದ ಮಾತು. ಮುಗಿಯದಿರುವುದು ಸಿಸ್ಟರ್ ಅಲ್ಲಿ ಉಳಿಯಬೇಕಾದ ಆ ಆರು ದಿನ. ಜೀಪು ಕೆಡಲಿ, ಸಾಹೇಬರಿಗೆ ಮೀಟಿಂಗ್ ಬರಲಿ, ಫೈಲು ಇನ್ಯಾವುದೋ ಟೇಬಲ್ಲಿನ ಮೇಲೆ ಒಂದು ವಾರ ಕೊಳೆಯಲಿ. ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಮೊದಲ ಸಲ, ಸರ್ಕಾರ ತಡ ಮಾಡಲಿ ಎಂದು ದೇವರನ್ನು ಬೇಡಿಕೊಳ್ಳುತ್ತಿದ್ದೇನೆ.