ಹುಳುಮನೆಯಲ್ಲಿಟ್ಟ ಕಂಪ್ಯೂಟರ್

ಶಿಡ್ಲಘಟ್ಟದ ಒಂದು ಸ್ಟುಡಿಯೋದಲ್ಲಿ ನಾನು ಹತ್ತು ವರ್ಷ ಮದುವೆ ವಿಡಿಯೋ ಎಡಿಟ್ ಮಾಡಿದೆ. ಗಂಡು ಹೆಣ್ಣು ಬದಲಾಗುತ್ತಿದ್ದರು, ಉಳಿದದ್ದೆಲ್ಲ ಅದೇ. ಅಲ್ಲಿಗೆ ಜಂಗಮಕೋಟೆ ಕಡೆಯವಳೊಬ್ಬಳು ಟೈಪಿಂಗ್ ಕೆಲಸಕ್ಕೆ ಬಂದಳು. ಆರೇ ತಿಂಗಳಲ್ಲಿ, ನಾನು ಮಾಡುವುದನ್ನು ನೋಡಿ ನೋಡಿ ಎಡಿಟಿಂಗ್ ಕಲಿತುಬಿಟ್ಟಳು. ನನಗಿಂತ ಚೆನ್ನಾಗಿ ಕಲಿತಳು. ನನಗೆ ಹೊಟ್ಟೆ ಉರಿಯಿತು.

ಆ ಹೊತ್ತಿಗೆ ಮಾಲೀಕರು ಚಿಂತಾಮಣಿಯಲ್ಲಿ ಇನ್ನೊಂದು ಸ್ಟುಡಿಯೋ ತೆರೆಯುವವರಿದ್ದರು. ಅದನ್ನು ನೋಡಿಕೊಳ್ಳುವ ಕೆಲಸ ನನ್ನದೇ ಎಂದುಕೊಂಡಿದ್ದೆ. ಅವರು ಒಂದು ಮದುವೆಯ ವಿಡಿಯೋ ಪೂರ್ತಿ ಅವಳ ಕೈಗೆ ಕೊಟ್ಟು, "ಮನೇಲೇ ಕೂತು ಮಾಡಮ್ಮ. ಹೇಳಿದ ದಿನಕ್ಕೆ ಕೊಟ್ರೆ ಚಿಂತಾಮಣಿ ನಿನಗೇ" ಅಂದರು.

ಅವಳು ಸೀದಾ ನನ್ನ ಹತ್ತಿರ ಬಂದಳು. "ಅಣ್ಣ, ನಮ್ಮನೆ ಕಂಪ್ಯೂಟರ್ ಎತ್ತಿನಗಾಡಿ ಥರ ಐತೆ. ಸ್ಪೀಡ್ ಮಾಡಕ್ಕಾಗುತ್ತಾ?"

ಆಗುತ್ತದೆ. ಕಂಪನಿಯವರು ಗೊತ್ತುಮಾಡಿದ ವೇಗಕ್ಕಿಂತ ಪ್ರೊಸೆಸರನ್ನು ಜೋರಾಗಿ ಓಡಿಸುವುದಕ್ಕೆ ಓವರ್‌ಕ್ಲಾಕಿಂಗ್ ಅನ್ನುತ್ತಾರೆ. ಜೋರಾಗಿ ಓಡಿದಷ್ಟೂ ಅದು ಕಾಯುತ್ತದೆ. ಕಲಿಸುವುದರಲ್ಲಿ ನಾನು ಮೋಸ ಮಾಡಲಿಲ್ಲ, ಅಷ್ಟು ದಡ್ಡನಲ್ಲ. ವೇಗ ಒಂದೊಂದೇ ಮೆಟ್ಟಿಲು ಏರಿಸು, ಪ್ರತಿ ಸಲ ಒಂದು ಗಂಟೆ ಭಾರಿ ಕೆಲಸ ಕೊಟ್ಟು ಓಡಿಸು, ಬಿಸಿ ಎಷ್ಟೆಂದು ಬರೆದುಕೋ, ಎಂಬತ್ತು ಡಿಗ್ರಿ ದಾಟಿದರೆ ಒಂದು ಮೆಟ್ಟಿಲು ಇಳಿಸು, ವೋಲ್ಟೇಜ್ ಮಾತ್ರ ಮುಟ್ಟಬೇಡ ಎಂದೆ. ರೇಷ್ಮೆ ಹುಳು ಸಾಕುವ ಮನೆಯವಳು, ಥರ್ಮಾಮೀಟರ್ ನೋಡಿಕೊಂಡೇ ಬೆಳೆದವಳು. ಒಂದೇ ಮಾತಿಗೆ ಅರ್ಥಮಾಡಿಕೊಂಡಳು. ಅದಕ್ಕೂ ನನಗೆ ಸಿಟ್ಟು ಬಂತು.

ಎರಡು ವಾರದ ಮೇಲೆ, ಒಂದು ಭಾನುವಾರ ಮಧ್ಯಾಹ್ನ ನೋಡಿಕೊಂಡು ಬರುವ ನೆಪದಲ್ಲಿ ಅವಳ ಮನೆಗೆ ಹೋದೆ. ಕಂಪ್ಯೂಟರ್ ಹುಳುಮನೆಯಲ್ಲಿತ್ತು. ಕಿಟಕಿಗಳಿಗೆಲ್ಲ ಒದ್ದೆ ಗೋಣಿಚೀಲ ಕಟ್ಟಿದ್ದರಿಂದ ಇಡೀ ಮನೆಗೆ ಅದೇ ತಣ್ಣನೆಯ ಜಾಗ. ಕಾಲು ತೊಳೆಸಿಯೇ ನನ್ನನ್ನು ಒಳಗೆ ಬಿಟ್ಟರು. ಹುಳು ಪೊರೆ ಬಿಡುವ ಸಮಯ. ಹುಳುವಿನ ಕೆಳಗಿನ ಸೊಪ್ಪಿನ ಹಾಸಿನಲ್ಲಿ ತೇವ ನಿಲ್ಲದಿರಲಿ ಎಂದು ಅವಳ ತಾಯಿ ಬಟ್ಟೆಯ ಗಂಟಿನಲ್ಲಿ ಸುಣ್ಣದ ಪುಡಿ ಕಟ್ಟಿಕೊಂಡು ತಟ್ಟೆಗಳ ಮೇಲೆ ಉದುರಿಸುತ್ತಿದ್ದರು. ಆ ಪುಡಿಯನ್ನು ಕಂಪ್ಯೂಟರಿನ ಫ್ಯಾನು ಒಂದೇ ಸಮನೆ ಒಳಗೆ ಎಳೆದುಕೊಳ್ಳುತ್ತಿತ್ತು. ಗಾಳಿಯಾಡುವ ತೂತುಗಳ ಸುತ್ತ ಆಗಲೇ ಬೆಳ್ಳಗೆ ಕಟ್ಟಿತ್ತು. ಆ ತೇವಕ್ಕೆ ಒಳಗೆಲ್ಲ ಗಾರೆಯಂತೆ ಗಟ್ಟಿಯಾಗುತ್ತದೆಂದು ನನಗೆ ಗೊತ್ತಿತ್ತು.

"ಜಾಗ ಸರಿಯಾಗೈತಾ ಅಣ್ಣ?"

"ಇದಕ್ಕಿಂತ ತಂಪು ಜಾಗ ಎಲ್ಲಿ ಸಿಗುತ್ತಮ್ಮ? ಇಲ್ಲೇ ಇರ್ಲಿ."

ಅವಳ ತಾಯಿ ಅವರೆಕಾಳು ಉಪ್ಪಿಟ್ಟು ಕೊಟ್ಟರು. ಇನ್ನೊಂದು ಸಲ ಹಾಕಿಸಿಕೊಂಡು ತಿಂದೆ. ಉಂಡ ಮನೆಗೆ ಎರಡು ಬಗೆಯಬಾರದು ಅನ್ನುತ್ತಾರೆ. ನಾನು ಬಗೆದೆ, ರುಚಿಯಾಗಿಯೂ ತಿಂದೆ.

ವಿಡಿಯೋ ಕೊಡಲು ನಾಲ್ಕು ದಿನ ಇರುವಾಗ ಕಂಪ್ಯೂಟರ್ ತಾನಾಗಿಯೇ ಆಫ್ ಆಗತೊಡಗಿತು. ಅವಳು ನಾನು ಕಲಿಸಿದ ಹಾಗೆ ಒಂದು ಮೆಟ್ಟಿಲು ಇಳಿಸಿದಳು, ಇನ್ನೊಂದು ಇಳಿಸಿದಳು, ಕೊನೆಗೆ ಮೊದಲಿದ್ದ ವೇಗಕ್ಕೇ ತಂದಳು. ಆದರೂ ಆಫ್ ಆಗುವುದು ನಿಲ್ಲಲಿಲ್ಲ. ಫೋನ್ ಮಾಡಿ ಕೇಳಿದಳು. "ವಿಂಡೋಸ್ ಹೊಸದಾಗಿ ಹಾಕಮ್ಮ" ಎಂದೆ. ಅದಕ್ಕೇ ಎರಡು ದಿನ ಹೋಯಿತು.

ಹೇಳಿದ ದಿನ ವಿಡಿಯೋ ಸಿಗದೆ ಮದುಮಗಳ ಮನೆಯವರು ಸ್ಟುಡಿಯೋಗೆ ಬಂದು ಕೂಗಾಡಿದರು. ಮಾಲೀಕರು ಅವರೆದುರೇ ಅವಳಿಗೆ, "ಹುಳಕ್ಕೆ ಸೊಪ್ಪು ಹಾಕ್ಕೊಂಡಿರೋದು ಬಿಟ್ಟು ನಿನಗ್ಯಾಕಮ್ಮ ಇದೆಲ್ಲ?" ಅಂದರು. ಅವಳು ತಲೆ ತಗ್ಗಿಸಿ ನಿಂತಿದ್ದಳು. ಕಂಪ್ಯೂಟರಿನ ವೇಗ ಏರಿಸುವುದನ್ನು ಯಾರು ಹೇಳಿಕೊಟ್ಟರೆಂದು ಅವರು ಕೇಳಿದಾಗ ನನ್ನ ಹೆಸರೆತ್ತಲಿಲ್ಲ. ನಾನು ನನ್ನ ಕಂಪ್ಯೂಟರ್ ಪರದೆಯ ಹಿಂದೆ ಮುಖ ಮರೆಮಾಡಿಕೊಂಡು ನಕ್ಕೆ. ಅದೇ ವಾರ ಚಿಂತಾಮಣಿ ನನ್ನದಾಯಿತು.

ಕೆಲಸ ಬಿಟ್ಟ ದಿನ ಅವಳು ನನ್ನ ಮೇಜಿನ ಹತ್ತಿರ ಬಂದಳು.

"ಬಿಚ್ಚಿ ನೋಡ್ದೆ ಅಣ್ಣ. ಒಳಗೆಲ್ಲ ಸುಣ್ಣ. ಆವತ್ತು ಬಂದಿದ್ರಲ್ಲ, ಕಾಣ್ಲಿಲ್ವಾ?"

"ಇಲ್ಲಮ್ಮ. ಕಂಡಿದ್ರೆ ಹೇಳ್ತಿರ್ಲಿಲ್ವಾ?"

ಅವಳು ಬ್ಯಾಗು ಹೆಗಲಿಗೇರಿಸಿಕೊಂಡಳು.

"ಒಳಗೆ ಬಂದ ತಕ್ಷಣ ನಿಮ್ಮ ಫೋನನ್ನ ಕರ್ಚೀಫಲ್ಲಿ ಸುತ್ತಿ ಜೇಬಲ್ಲಿಟ್ಕೊಂಡ್ರಿ. ನಾನು ನೋಡ್ತಾ ಇದ್ದೆ."