ಆಯುಧಪೂಜೆಯ ದಿನ ನಾನು ಒತ್ತಿದ ಬಟನ್ನು

ನನ್ನ ತಂಗಿ ಸುಮಾಳ ಗದ್ದ ಎದೆಯ ಕಡೆಗೆ ಎಳೆದುಕೊಂಡದ್ದಕ್ಕೆ ಕಾರಣ ನಾನೇ. ಇದನ್ನು ಮೊದಲು ಹೇಳಿಬಿಡುತ್ತೇನೆ, ವೀರಭದ್ರಸ್ವಾಮಿಯ ಕೃಪೆಯ ಮಾತು ಆಮೇಲೆ. ಈ ಪತ್ರಿಕೆಗೆ ಭಕ್ತಬಂಧುಗಳು ಬರೆಯುವ ಅನುಭವಗಳಲ್ಲಿ ಕಷ್ಟ ಎಲ್ಲಿಂದಲೋ ಬಂದು ಎರಗುತ್ತದೆ. ನನ್ನದು ಹಾಗಲ್ಲ, ಕೈಯಾರೆ ತಂದುಕೊಂಡದ್ದು.

ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದ ಒಂದು ಸಣ್ಣ ಗಾರ್ಮೆಂಟ್ಸ್‌ನಲ್ಲಿ ನಾನು ಪ್ಯಾಟರ್ನ್ ಮಾಸ್ಟರ್. ಬಟ್ಟೆಯ ಒಂದೊಂದು ಭಾಗವನ್ನೂ ಯಾವ ಅಳತೆಗೆ ಕತ್ತರಿಸಬೇಕೆಂದು ಕಂಪ್ಯೂಟರಿನಲ್ಲಿ ಬಿಡಿಸುವುದು ನನ್ನ ಕೆಲಸ. ಸುಮಾ ಮತ್ತು ನಾನು ಹೊಸಹಳ್ಳಿಯಲ್ಲಿ ಒಂದೇ ಮನೆಯಲ್ಲಿದ್ದೇವೆ. ಕಳೆದ ವರ್ಷ ಬೇಸಿಗೆಯಲ್ಲಿ ಮೆಣಸಿನಕಾಯಿ ಬಜ್ಜಿ ಕರಿಯುವಾಗ ಅವಳು ಕಾಲು ಜಾರಿ ಬಿದ್ದಳು, ಬಾಣಲೆ ಮೈಮೇಲೆ ಮಗುಚಿತು. ಕುತ್ತಿಗೆ, ಎದೆಯ ಮೇಲ್ಭಾಗ, ಬಲಭುಜ. ನಲವತ್ತು ದಿನ ಆಸ್ಪತ್ರೆಯಲ್ಲಿದ್ದೆವು. ತೊಡೆಯ ಚರ್ಮ ತೆಗೆದು ಕುತ್ತಿಗೆಗೆ ಹಾಕಿದರು.

“ಚರ್ಮ ಹಾಕಿದ್ವಿ ಅಂತ ಮುಗೀಲಿಲ್ಲಮ್ಮ,” ಎಂದರು ಡಾಕ್ಟರು. “ಗಾಯ ಒಣಗ್ತಾ ಗಟ್ಟಿಯಾಗಿ ಎಳೆಯುತ್ತೆ. ಹಗಲೂ ರಾತ್ರಿ ಬಿಗಿಯಾದ ಬಟ್ಟೆ ಹಾಕ್ಕೊಂಡೇ ಇರ್ಬೇಕು. ಇಲ್ಲಾಂದ್ರೆ ಗದ್ದ ಎದೆಗೆ ಅಂಟ್ಕೊಳ್ಳುತ್ತೆ.”

ಸಿದ್ಧವಾಗಿ ಸಿಗುವ ಬಟ್ಟೆ ಅವಳ ಭುಜಕ್ಕೆ ಕೂರಲೇ ಇಲ್ಲ. ಅಳತೆ ಕೊಟ್ಟು ಮಾಡಿಸಿದರೆ ಒಂದೂವರೆ ತಿಂಗಳು ಎಂದರು. ನಾನಿರುವುದು ಯಾತಕ್ಕೆ? ಡಾಕ್ಟರನ್ನು ಕೇಳಿ, ನಮ್ಮ ಓನರ್ ಒಪ್ಪಿಗೆ ಪಡೆದು ನಾನೇ ಬಿಡಿಸಿದೆ. ಹೊಲಿದವರು ನಮ್ಮ ಹೊಲಿಗೆ ಲೈನಿನ ಹಿರಿಯ ಟೈಲರ್ ಲಕ್ಷ್ಮಮ್ಮ. ಮೊದಲ ಮೂರು ಕೆಟ್ಟವು. ಒಂದು ಕಡೆ ಕೂದಲೆಳೆಯಷ್ಟು ತಗ್ಗಿಸು, ಇನ್ನೊಂದು ಕಡೆ ಬಿಡು, ಹೀಗೆ ವಾರಗಟ್ಟಲೆ ತಿದ್ದಿದ ಮೇಲೆ ನಾಲ್ಕನೆಯದು ಮೈಗೆ ಕೂತಿತು. ಡಾಕ್ಟರೇ ಮುಟ್ಟಿ ನೋಡಿ ಭೇಷ್ ಎಂದರು. ಸುಮಾ, “ಅಕ್ಕ, ನಾನೀಗ ಸೋಫಾ ಕವರ್ ಥರ ಇದೀನಿ,” ಎಂದು ನಕ್ಕಳು. ಈ ಬಟ್ಟೆ ಮೂರು ತಿಂಗಳಲ್ಲಿ ಸಡಿಲವಾಗುತ್ತದೆ. ದಸರಾ ಹೊತ್ತಿಗೆ ಹೊಸದು ಬೇಕಿತ್ತು. ರಜೆ ಮುಗಿದ ಕೂಡಲೇ ಮಾಡಿದರಾಯಿತು ಎಂದುಕೊಂಡೆ.

ಆಯುಧಪೂಜೆಯ ಬೆಳಿಗ್ಗೆ ಹೊಲಿಗೆ ಮಿಷಿನ್‌ಗಳನ್ನೆಲ್ಲ ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟೆವು. ನನ್ನ ಕಂಪ್ಯೂಟರ್ ಒಂದೇ ಹಳೇ ಮುಖ ಹೊತ್ತು ಕೂತಿತ್ತು. ಅದಕ್ಕೆಲ್ಲಿ ಎಣ್ಣೆ ಬಿಡಲಿ? ಸಿಸ್ಟಮ್‌ನ ಹೊಸ ಆವೃತ್ತಿ ಬಂದಿದೆ, ಹಾಕಲೇ ಎಂದು ಪರದೆಯ ಮೂಲೆಯಲ್ಲಿ ವಾರದಿಂದ ಕೇಳುತ್ತಲೇ ಇತ್ತು. ಒಳ್ಳೆಯ ದಿನ, ಹಾಕು ಎಂದು ವೀರಭದ್ರನ ಹೆಸರು ಹೇಳಿ ಒತ್ತಿದೆ. ಮುಗಿದ ಮೇಲೆ, ಹಳೆಯ ಆವೃತ್ತಿಯ ಫೈಲುಗಳು ಜಾಗ ತಿನ್ನುತ್ತಿವೆ, ಅಳಿಸಲೇ ಎಂದಿತು. ಹಬ್ಬದ ದಿನ ಕಸ ಯಾರು ಇಟ್ಟುಕೊಳ್ಳುತ್ತಾರೆ? ಅಳಿಸು ಎಂದೆ. ವಿಭೂತಿ ಹಚ್ಚಿ, ಹೂವಿಟ್ಟು, ಮಂಗಳಾರತಿ ಮಾಡಿದೆವು. ಪೂಜೆಯಾದ ಮೇಲೆ ಆಯುಧ ಮುಟ್ಟುವಂತಿಲ್ಲ ನೋಡಿ. ಮೂರನೆಯ ದಿನ ಬಂದು ಕಂಪ್ಯೂಟರ್ ಹಾಕಿದರೆ ಪ್ಯಾಟರ್ನ್ ಸಾಫ್ಟ್‌ವೇರ್ ತೆರೆಯಲೇ ಇಲ್ಲ.

ಸಾಫ್ಟ್‌ವೇರಿನವರಿಗೆ ಫೋನ್ ಮಾಡಿದೆ.

“ಮೇಡಂ, ನಮ್ದು ಇನ್ನೂ ಆ ಹೊಸದರ ಮೇಲೆ ಓಡಲ್ಲ. ಬಂದ ತಕ್ಷಣ ಯಾರಾದ್ರೂ ಹಾಕ್ತಾರಾ? ಕೆಲಸದ ಮಿಷಿನ್‌ಗೆ ನಾವು ಹೇಳೋವರೆಗೂ ಕಾಯ್ಬೇಕು.”

“ಎಷ್ಟು ದಿನ?”

“ಎರಡು ತಿಂಗಳು ಅನ್ಕೊಳಿ.”

ವಾಪಸು ಹೋಗುವ ದಾರಿಯನ್ನು ನಾನೇ ಅಳಿಸಿದ್ದೆ. ರಿಪೇರಿಯವನು ಎಲ್ಲ ಅಳಿಸಿ ಹಳೆಯದನ್ನೇ ಮತ್ತೆ ಹಾಕಿದ. ಸಾಫ್ಟ್‌ವೇರು, ಇದು ಬೇರೆ ಕಂಪ್ಯೂಟರ್, ಹೊಸ ಲೈಸೆನ್ಸ್ ತಾ ಎಂದಿತು. ಅದಕ್ಕೆ ಅರ್ಜಿ, ಮೇಲ್, ಮೂರು ವಾರ. ಸುಮಾಳ ಫೈಲು ಪೆನ್‌ಡ್ರೈವ್‌ನಲ್ಲಿ ಭದ್ರವಾಗಿತ್ತು, ತೆರೆಯುವ ಗತಿ ಮಾತ್ರ ಇರಲಿಲ್ಲ. ಲಕ್ಷ್ಮಮ್ಮ ಊರಿಗೆ ಹೋಗಿದ್ದರು, ಕೈಯಲ್ಲೇ ಬಿಡಿಸಿ ಬೇರೆಯವರಿಂದ ಎರಡು ಹೊಲಿಸಿದೆ. ಒಂದು ಉಸಿರು ಕಟ್ಟಿಸಿತು, ಇನ್ನೊಂದು ಸುಕ್ಕುಗಟ್ಟಿ ನಿಂತಿತು.

ಹಳೆಯ ಬಟ್ಟೆ ಸಡಿಲವಾದಷ್ಟೂ ಅವಳ ಕುತ್ತಿಗೆ ಬಿಗಿಯಿತು. ನೀರು ಕುಡಿಯಲು ಲೋಟ ಎತ್ತಿದರೆ ಅರ್ಧ ಎದೆಯ ಮೇಲೆ ಚೆಲ್ಲುತ್ತಿತ್ತು. ಒಂದು ದಿನ ಬಚ್ಚಲ ಕನ್ನಡಿಗೆ ಟವೆಲ್ ಹೊದಿಸಿದಳು. “ನಿನ್ ತಪ್ಪಲ್ಲ ಬಿಡಕ್ಕ,” ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಬೀದಿ ಕೊನೆಯ ವೀರಭದ್ರನ ಗುಡಿಗೆ ಹೋಗಿ ಬಾಯಿಗೆ ಬಂದಂತೆ ಅಂದೆ. “ಹಬ್ಬದ ದಿನ ನಿನ್ನ ಹೆಸರು ಹೇಳಿ ಮಾಡಿದ್ದು. ಹುಡುಗಿ ಏನು ಮಾಡಿದ್ದಳು? ನನ್ನ ಕುತ್ತಿಗೆ ಮುರಿ.” ಎರಡು ದಿನ ಲಿಂಗಪೂಜೆ ಮಾಡದೆಯೇ ಊಟ ಮಾಡಿದೆ. ಹುಟ್ಟಿದಾಗಿನಿಂದ ಹಾಗೆ ಮಾಡಿದವಳಲ್ಲ. ಮೂರನೆಯ ದಿನ ಲಿಂಗ ಅಂಗೈಯಲ್ಲಿಟ್ಟುಕೊಂಡೆ, ಬೇಡಲು ಏನೂ ತೋಚಲಿಲ್ಲ, ಸುಮ್ಮನೆ ಅತ್ತೆ.

ಅವತ್ತೇ ಲಕ್ಷ್ಮಮ್ಮ ಹಬ್ಬದ ರಜೆ ಮುಗಿಸಿ ಊರಿನಿಂದ ಕೆಲಸಕ್ಕೆ ಬಂದರು. ನನ್ನ ಮುಖ ನೋಡಿ ಕೇಳಿದರು, ಹೇಳಿದೆ. ಅವರು ಬಾಯಿ ಮೇಲೆ ಕೈ ಇಟ್ಟುಕೊಂಡರು.

“ಅಯ್ಯೋ ಮೇಡಂ, ಆ ಪೇಪರ್ ನಮ್ಮನೇಲಿದೆಯಲ್ಲ!”

ಕತ್ತರಿಸುವ ಮುಂಚೆ ಪ್ಯಾಟರ್ನನ್ನು ದೊಡ್ಡ ಕಾಗದದ ಮೇಲೆ ಪೂರ್ತಿ ಅಳತೆಗೆ ಪ್ರಿಂಟ್ ತೆಗೆಯುತ್ತೇವೆ. ಕೆಲಸವಾದ ಮೇಲೆ ಅದು ರದ್ದಿ. ಗಟ್ಟಿ ಕಾಗದ ಎಂದು ನಮ್ಮ ಹೆಂಗಸರು ಮನೆಯ ಗೂಡು, ಶೆಲ್ಫುಗಳಿಗೆ ಹಾಸಲು ಒಯ್ಯುತ್ತಾರೆ. ಹಬ್ಬಕ್ಕೆ ಮುಂಚೆ ಇದ್ದಬದ್ದ ಕಾಗದವನ್ನೆಲ್ಲ ಹೊರಗೆ ಹಾಕಿಸಿದವಳೂ ನಾನೇ, ಅದರ ನೆನಪೇ ನನಗಿರಲಿಲ್ಲ.

ಆಟೋ ಹಿಡಿದು ಮಹಾಲಕ್ಷ್ಮಿ ಲೇಔಟಿನ ಅವರ ಮನೆಗೆ ಹೋದೆವು. ಅವರು ಕೈಮುಗಿದು, ದೇವರ ಶೆಲ್ಫಿನ ಪಟಗಳನ್ನು, ವೀರಭದ್ರನದನ್ನೂ, ಒಂದೊಂದಾಗಿ ತಟ್ಟೆಗೆ ಇಳಿಸಿದರು. ಕೆಳಗೆ ಹಾಸಿದ್ದ ಕಾಗದ, ಅದರ ಮೇಲೆ ದೀಪದ ಎಣ್ಣೆ, ಕುಂಕುಮ. ತಿರುವಿದರೆ ನನ್ನದೇ ಗೆರೆಗಳು, ‘ಸುಮಾ, ಕುತ್ತಿಗೆ’ ಎಂಬ ಅಕ್ಷರ. ಶೆಲ್ಫಿನ ಅಳತೆಗೆ ಕತ್ತರಿಸಿದ್ದರಿಂದ ಭುಜದ ಭಾಗ ಅರ್ಧ ಹೋಗಿತ್ತು. ಕುತ್ತಿಗೆಯ ಭಾಗ ಪೂರ್ತಿ ಇತ್ತು.

ಭುಜಕ್ಕೆ ಅಂದಾಜಿನ ಗೆರೆ ಎಳೆದು ಅಂದು ಸಂಜೆಯೇ ಕತ್ತರಿಸಿದೆ, ಲಕ್ಷ್ಮಮ್ಮ ಎದ್ದೇಳದೆ ಹೊಲಿದರು. ಆದರೆ ಅಷ್ಟರಲ್ಲಿ ಹಬ್ಬವಾಗಿ ಹದಿನಾರು ದಿನ ಕಳೆದಿದ್ದವು. ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಭುಜಕ್ಕೆ ಇನ್ನೊಂದು ಆಪರೇಷನ್ ಬೇಕೇಬೇಕು, ಕುತ್ತಿಗೆಯನ್ನು ನಿಧಾನವಾಗಿ ಬಿಡಿಸಬಹುದು, ಎಷ್ಟು ಬಿಡುತ್ತದೆಂದು ಈಗಲೇ ಹೇಳಲಾಗದು ಎಂದರು. ಕೇಳಿದ್ದೆಲ್ಲ ಸಿಕ್ಕಿತೆಂದು ಬರೆಯಲು ನನಗೆ ಕೈ ಬಾರದು. ಆದರೂ ಅವನು ನನ್ನ ಬೈಗುಳ ಕೇಳಿಸಿಕೊಂಡ, ಕುತ್ತಿಗೆಯ ತುಂಡನ್ನು ತನ್ನ ಕಾಲಡಿಯಲ್ಲೇ ಇಟ್ಟುಕೊಂಡು ಕಾದ ಎಂದು ನಂಬಿದ್ದೇನೆ. ಕಂಪ್ಯೂಟರಿನಿಂದ ಹೊಟ್ಟೆ ಹೊರೆಯುವ ಬಂಧುಗಳೇ, ಹೊಸದು ಬಂದರೆ ದಯವಿಟ್ಟು ಕೈಕಟ್ಟಿ ಕೂತಿರಿ. ಪೂಜೆಗೆ ಹೂವು ಸಾಕು.

ಹೋದ ಸೋಮವಾರ ಸುಮಾಳನ್ನು ಗುಡಿಗೆ ಕರೆದುಕೊಂಡು ಹೋಗಿದ್ದೆ. ನಮ್ಮ ಸ್ವಾಮಿಯದು ಎತ್ತರದ ವಿಗ್ರಹ. ಅವಳು ಮುಂದೆ ನಿಂತು ತಲೆ ಎತ್ತಿ ನೋಡಲು ಬಹಳ ಹೊತ್ತು ಪ್ರಯತ್ನಪಟ್ಟಳು.

“ಮೊನ್ನೆವರೆಗೂ ಪಾದ ಅಷ್ಟೇ ಕಾಣ್ತಿತ್ತಕ್ಕ. ಇವತ್ತು ಕೈಲಿರೋ ಖಡ್ಗದವರೆಗೂ ಕಾಣ್ತು.”

“ಮುಖ ಕಾಣ್ತೇನೇ?” ಎಂದೆ.

“ಇಲ್ಲ.”

ನನಗೆ ಅಳು ತಡೆಯಲಾಗಲಿಲ್ಲ. ಅವಳೇ ನನ್ನ ಕೈ ಹಿಡಿದುಕೊಂಡಳು.

“ಅಳ್ಬೇಡ ಕಣಕ್ಕ. ಅವನೇನು ಎದ್ದು ಹೋಗ್ತಾನಾ? ನಿಧಾನಕ್ಕೆ ನೋಡ್ತೀನಿ.”